ಹೊಂಗೆ ಎಣ್ಣೆ ಬೆರೆತರೆ ಹೊಗೆ ಎಷ್ಟು ಇಳಿಯುತ್ತದೆ?

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿಗೆ ಬಂದ ಗಾಳಿಯನ್ನು ಪಿಸ್ಟನ್ ಹದಿನೈದು–ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಒತ್ತಡಕ್ಕೆ ಸಿಕ್ಕ ಗಾಳಿ ಐನೂರು ಡಿಗ್ರಿ ದಾಟಿ ಕಾಯುತ್ತದೆ. ಆ ಹೊತ್ತಿಗೆ ಸರಿಯಾಗಿ ನಾಝಲ್ ಡೀಸೆಲ್ಲನ್ನು ಸಣ್ಣ ಹನಿಗಳಾಗಿ ಎರಚುತ್ತದೆ, ಹನಿಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಈ ವ್ಯವಸ್ಥೆಯಲ್ಲಿ ಇಂಧನ ಮತ್ತು ಗಾಳಿ ಮೊದಲೇ ಹದವಾಗಿ ಬೆರೆತಿರುವುದಿಲ್ಲ. ಬೆರೆಯುವುದೂ ಉರಿಯುವುದೂ ಒಟ್ಟಿಗೇ ನಡೆಯಬೇಕು, ಅದೂ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ. ಗಾಳಿ ಸಾಲದ ಕಡೆ ಡೀಸೆಲ್ ಅರೆಬರೆ ಉರಿದು ಮಸಿಯಾಗುತ್ತದೆ. ಗಾಳಿ ಸಾಕಷ್ಟಿದ್ದು ಬಿಸಿ ಮಿತಿಮೀರಿದ ಕಡೆ ಗಾಳಿಯಲ್ಲಿರುವ ನೈಟ್ರೋಜನ್ನೇ ಆಕ್ಸಿಜನ್ ಜೊತೆ ಸೇರಿ ನೈಟ್ರೋಜನ್ ಆಕ್ಸೈಡುಗಳಾಗುತ್ತದೆ. ಮಸಿ ಕಡಿಮೆ ಮಾಡಲು ಉರಿಯನ್ನು ಬಿಸಿ ಮಾಡಿದರೆ ಎರಡನೆಯದು ಏರುತ್ತದೆ, ಅದನ್ನು ತಗ್ಗಿಸಲು ಉರಿಯನ್ನು ತಣ್ಣಗೆ ಮಾಡಿದರೆ ಮಸಿ ಹೆಚ್ಚುತ್ತದೆ. ಡೀಸೆಲ್ ಹೊಗೆಯ ಬಗೆಗಿನ ಯಾವ ಮಾತೂ ಈ ಜಗ್ಗಾಟವನ್ನು ಬಿಟ್ಟು ಮುಂದೆ ಹೋಗಲಾರದು.

ಲಾರಿಯ ಹಿಂದೆ ಕಾಣುವ ಕರಿ ಹೊಗೆ ಮಸಿಯದು. ನೈಟ್ರೋಜನ್ ಆಕ್ಸೈಡುಗಳು ಹೆಚ್ಚುಕಡಿಮೆ ಕಣ್ಣಿಗೆ ಬೀಳುವುದಿಲ್ಲ, ಆದರೆ ಬಿಸಿಲಿನಲ್ಲಿ ಇತರ ಅನಿಲಗಳ ಜೊತೆ ಸೇರಿ ನೆಲಮಟ್ಟದ ಓಝೋನ್ ಉಂಟುಮಾಡುವವು ಅವೇ. ಮಸಿಯ ಕಣಗಳು ಶ್ವಾಸಕೋಶದ ತುದಿಯವರೆಗೂ ಇಳಿಯುವಷ್ಟು ಸಣ್ಣವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಹಾಗೆಂದು ನಾಳೆಯಿಂದ ಡೀಸೆಲ್ ಬಿಡುವ ಸ್ಥಿತಿಯಲ್ಲಿ ಯಾರೂ ಇಲ್ಲ. ಲಾರಿ, ಬಸ್ಸು, ಟ್ರ್ಯಾಕ್ಟರ್, ಬೋರ್‌ವೆಲ್ ಕೊರೆಯುವ ರಿಗ್, ಮಲ್ಪೆಯ ಮೀನುಗಾರಿಕೆ ಬೋಟು, ಅಪಾರ್ಟ್‌ಮೆಂಟಿನ ಜನರೇಟರ್ ಎಲ್ಲವೂ ಅದರ ಮೇಲೆಯೇ ನಿಂತಿವೆ. ಎಂಜಿನ್ ಹಾಗೇ ಇರಲಿ, ಒಳಗೆ ಹೋಗುವ ಇಂಧನ ಬದಲಾಗಲಿ ಎಂಬ ಆಸೆ ಹುಟ್ಟಿದ್ದು ಇಲ್ಲಿಂದ.

ಮರುಹುಟ್ಟು ಪಡೆಯುವ ಮೂಲದಿಂದ ಬಂದ ಇಂಧನವನ್ನು ಡೀಸೆಲ್ಲಿಗೆ ಇಂತಿಷ್ಟು ಪಾಲು ಬೆರೆಸುವುದು ಆ ಆಸೆಯ ಸರಳ ರೂಪ. ನೂರರಲ್ಲಿ ಇಪ್ಪತ್ತು ಪಾಲು ಬಯೋಡೀಸೆಲ್, ಎಂಬತ್ತು ಪಾಲು ಮಾಮೂಲಿ ಡೀಸೆಲ್ ಇದ್ದರೆ ಅದು ಬಿ20. ಐದು ಪಾಲಾದರೆ ಬಿ5, ಪೂರ್ತಿ ಅದೇ ಆದರೆ ಬಿ100. ಬೆರೆಸುವ ವಸ್ತುಗಳಲ್ಲಿ ಮೂರು ಕುಲಗಳಿವೆ: ಎಣ್ಣೆಯಿಂದ ರಾಸಾಯನಿಕವಾಗಿ ತಯಾರಾದ ಬಯೋಡೀಸೆಲ್, ಅದೇ ಎಣ್ಣೆಗೆ ರಿಫೈನರಿಯಲ್ಲಿ ಹೈಡ್ರೋಜನ್ ಸೇರಿಸಿ ಪಡೆದ ನವೀಕೃತ ಡೀಸೆಲ್, ಮತ್ತು ಎಥೆನಾಲ್‌ನಂಥ ಆಲ್ಕೋಹಾಲುಗಳು. ಪೇಟೆಯಲ್ಲಿ ಮೂರಕ್ಕೂ ಒಂದೇ ಹೆಸರು ಓಡಾಡುವುದರಿಂದ ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸುವ ಗೊಂದಲ ಇದ್ದೇ ಇದೆ.

ಎಣ್ಣೆಯಿಂದ ಎಂಜಿನ್ ಓಡಿಸುವುದು ಹೊಸ ಯೋಚನೆಯಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಟ್ಟೊ ಕಂಪನಿ ಇಟ್ಟಿದ್ದ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಅದಕ್ಕೆ ಪ್ರೇರಣೆ ಫ್ರೆಂಚ್ ಸರ್ಕಾರದ್ದು. ಆಫ್ರಿಕದ ತನ್ನ ವಸಾಹತುಗಳಲ್ಲಿ ಕಡಲೆಕಾಯಿ ಹೇರಳವಾಗಿದ್ದುದರಿಂದ ಕಲ್ಲಿದ್ದಲಿನ ಹಂಗಿಲ್ಲದೆ ಅಲ್ಲಿ ಯಂತ್ರ ಓಡಿಸಬಹುದೇ ಎಂದು ಅದು ನೋಡುತ್ತಿತ್ತು. ಪ್ರತಿ ವರ್ಷ ಆಗಸ್ಟ್ 10ರಂದು ವಿಶ್ವ ಜೈವಿಕ ಇಂಧನ ದಿನ ಆಚರಿಸುವಾಗ, 1893ರ ಆ ದಿನ ರುಡಾಲ್ಫ್ ಡೀಸೆಲ್ ಕಡಲೆಕಾಯಿ ಎಣ್ಣೆಯಿಂದ ಎಂಜಿನ್ ಓಡಿಸಿದ ಎಂದು ಭಾಷಣಗಳಲ್ಲಿ ಹೇಳುವುದುಂಟು. ಆ ದಿನ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷೆಗೊಳಗಾದದ್ದು ಅವನ ಮೊದಲ ಮಾದರಿ ಎಂಜಿನ್. ಕಡಲೆಕಾಯಿ ಎಣ್ಣೆಯ ಸಂಗತಿ ಏಳು ವರ್ಷ ಆಮೇಲಿನದು. ಇಂದಿನ ಬಯೋಡೀಸೆಲ್ಲಿಗೆ ಹತ್ತಿರದ ಪೂರ್ವಜ ಬೆಲ್ಜಿಯಂನಲ್ಲಿ ಹುಟ್ಟಿತು. ಬ್ರಸೆಲ್ಸ್ ವಿಶ್ವವಿದ್ಯಾಲಯದ ಶಾವಾನ್ 1937ರಲ್ಲಿ ತಾಳೆ ಎಣ್ಣೆಯನ್ನು ಆಲ್ಕೋಹಾಲ್ ಜೊತೆ ವರ್ತಿಸಿ ಎಸ್ಟರ್ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಮರುವರ್ಷ ಬ್ರಸೆಲ್ಸ್–ಲುವೇನ್ ನಡುವಿನ ಬಸ್ಸೊಂದು ಆ ಇಂಧನದಲ್ಲಿ ಓಡಿತು.

ಗಾಣದಿಂದ ಬಂದ ಎಣ್ಣೆಯನ್ನೇ ಸೋಸಿ ಟ್ಯಾಂಕಿಗೆ ಸುರಿದರಾಗದೇ ಎಂಬುದು ರೈತರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಎಂಜಿನ್ ಓಡುತ್ತದೆ, ಸ್ವಲ್ಪ ದಿನ ಚೆನ್ನಾಗಿಯೇ ಓಡುತ್ತದೆ. ತೊಂದರೆ ಬರುವುದು ಮಂದತನದಿಂದ. 40 ಡಿಗ್ರಿ ಬಿಸಿಯಲ್ಲಿ ಡೀಸೆಲ್ಲಿನ ಸ್ನಿಗ್ಧತೆ ಎರಡರಿಂದ ನಾಲ್ಕೂವರೆ ಸೆಂಟಿಸ್ಟೋಕ್ ಇದ್ದರೆ ಹಸಿ ಎಣ್ಣೆಗಳದ್ದು ಮೂವತ್ತು ನಲವತ್ತರ ಸುತ್ತ ಇರುತ್ತದೆ. ಮಂದ ಎಣ್ಣೆ ನಾಝಲಿನಿಂದ ಸಣ್ಣ ಹನಿಯಾಗಿ ಒಡೆಯದೆ ದಪ್ಪ ದಪ್ಪವಾಗಿ ಬೀಳುತ್ತದೆ, ಪೂರ್ತಿ ಉರಿಯದೆ ನಾಝಲಿನ ಬಾಯಿಗೆ ಇದ್ದಿಲು ಕಟ್ಟುತ್ತದೆ, ಪಿಸ್ಟನ್ ರಿಂಗುಗಳು ಅಂಟಿಕೊಳ್ಳುತ್ತವೆ, ಉರಿಯದೆ ಉಳಿದದ್ದು ಗೋಡೆಗುಂಟ ಇಳಿದು ಎಂಜಿನ್ ಆಯಿಲನ್ನು ಅಂಟಾಗಿಸುತ್ತದೆ. ಒಂದೇ ವೇಗದಲ್ಲಿ ದಿನವಿಡೀ ಓಡುವ ಹಳೆಯ ನಿಧಾನಗತಿಯ ಎಂಜಿನ್ನು ಇದನ್ನು ಒಂದಷ್ಟು ಸಹಿಸಿಕೊಳ್ಳುತ್ತದೆ. ಏರಿಳಿತದ ರಸ್ತೆಯಲ್ಲಿ ಓಡುವ ಗಾಡಿ ಸಹಿಸುವುದಿಲ್ಲ.

ಎಣ್ಣೆಯ ಅಣು ಯಾಕೆ ಅಷ್ಟು ದಪ್ಪ ಎಂದರೆ, ಒಂದು ಗ್ಲಿಸರಿನ್ ಬೆನ್ನೆಲುಬಿಗೆ ಕೊಬ್ಬಿನಾಮ್ಲದ ಮೂರು ಉದ್ದನೆಯ ಬಾಲಗಳು ಅಂಟಿಕೊಂಡಿರುತ್ತವೆ. ಮೆಥೆನಾಲ್ ಸೇರಿಸಿ, ಕಾಸ್ಟಿಕ್ ಸೋಡಾ ಅಥವಾ ಪೊಟ್ಯಾಶಿಯಂ ಹೈಡ್ರಾಕ್ಸೈಡಿನ ನೆರವಿನಿಂದ ಬಿಸಿಮಾಡಿ ಕದಡಿದರೆ ಬಾಲಗಳು ಒಂದೊಂದಾಗಿ ಕಳಚಿ ಮೆಥೆನಾಲಿಗೆ ಅಂಟಿಕೊಳ್ಳುತ್ತವೆ. ಹಾಗೆ ಆದ ಮೀಥೈಲ್ ಎಸ್ಟರುಗಳೇ ಬಯೋಡೀಸೆಲ್. ಲೆಕ್ಕ ಬಹಳ ಸೊಗಸಾದದ್ದು: ಸುಮಾರು ನೂರು ಕಿಲೋ ಎಣ್ಣೆಗೆ ಹತ್ತು ಹನ್ನೊಂದು ಕಿಲೋ ಮೆಥೆನಾಲ್ ವ್ಯಯವಾದರೆ ನೂರು ಕಿಲೋ ಬಯೋಡೀಸೆಲ್ಲೂ ಹತ್ತು ಹನ್ನೊಂದು ಕಿಲೋ ಗ್ಲಿಸರಿನ್ನೂ ಬರುತ್ತವೆ. ಸ್ನಿಗ್ಧತೆ ನಾಲ್ಕೈದಕ್ಕೆ ಇಳಿಯುತ್ತದೆ, ಅಂದರೆ ಡೀಸೆಲ್ಲಿನ ನೆರೆಗೆ ಬಂದು ನಿಲ್ಲುತ್ತದೆ.

ಹೊಂಗೆ ಎಣ್ಣೆಯಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದರೆ ಬಯೋಡೀಸೆಲ್ಲಿನ ಕಷ್ಟಸುಖ ತಿಳಿಯುತ್ತದೆ. ಮೊದಲು ಎಣ್ಣೆಯ ಹುಳಿ ಅಳೆಯಬೇಕು. ಮಳೆಗೆ ನೆನೆದ, ಗೋದಾಮಿನಲ್ಲಿ ಬಹಳ ದಿನ ಬಿದ್ದಿದ್ದ ಬೀಜದಿಂದ ತೆಗೆದ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚಿರುತ್ತದೆ. ಅದಕ್ಕೆ ನೇರ ಕಾಸ್ಟಿಕ್ ಹಾಕಿದರೆ ಬಯೋಡೀಸೆಲ್ ಬದಲು ಸೋಪು ಆಗುತ್ತದೆ. ಆದ್ದರಿಂದ ಹುಳಿ ಶೇಕಡ ಎರಡರ ಆಸುಪಾಸು ದಾಟಿದ್ದರೆ ಮೊದಲು ಮೆಥೆನಾಲ್ ಜೊತೆ ಸ್ವಲ್ಪ ಗಂಧಕಾಮ್ಲ ಹಾಕಿ ಅದನ್ನು ಪಳಗಿಸಿ, ಆಮೇಲೆ ಕಾಸ್ಟಿಕ್ಕಿನ ಸರದಿ. ಬಿಸಿ 60 ಡಿಗ್ರಿಯ ಹತ್ತಿರ ಇರಬೇಕು, 65ಕ್ಕೆ ಮುಟ್ಟಿದರೆ ಮೆಥೆನಾಲ್ ಕುದಿದು ಹಾರಿಹೋಗುತ್ತದೆ. ಗಂಟೆ ಒಂದೂವರೆ ಗಂಟೆ ಕದಡಿ ನಿಲ್ಲಿಸಿದರೆ ಪಾತ್ರೆಯಲ್ಲಿ ಎರಡು ಪದರ ಕಾಣುತ್ತದೆ: ಕೆಳಗೆ ಕಪ್ಪಗೆ ಮಂದವಾದ ಗ್ಲಿಸರಿನ್, ಮೇಲೆ ಕಂದು ಹಳದಿಯ ಬಯೋಡೀಸೆಲ್. ಕೆಳಗಿನದನ್ನು ನಲ್ಲಿ ಬಿಟ್ಟು ಇಳಿಸಿ, ಮೇಲಿನದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ಬಾರಿ ತೊಳೆದು, ಮತ್ತೆ ಕಾಯಿಸಿ ನೀರಿನಂಶ ಓಡಿಸಬೇಕು. ತೊಳೆಯುವಾಗ ಅವಸರ ಮಾಡಿ ಜೋರಾಗಿ ಕದಡಿದರೆ ಉಳಿದ ಸೋಪು ನೊರೆಗಟ್ಟಿ ಎರಡೂ ಪದರ ಬೇರೆಯಾಗುವುದೇ ಇಲ್ಲ. ಮೆಥೆನಾಲ್ ವಿಷ, ಉರಿಯುವಾಗ ಅದರ ಜ್ವಾಲೆ ಹಗಲಲ್ಲಿ ಕಾಣುವುದೂ ಇಲ್ಲ. ಮನೆ ಹಿತ್ತಲಿನಲ್ಲಿ ಹಂಡೆಯಿಟ್ಟು ಮಾಡುವ ಕೆಲಸವಂತೂ ಇದಲ್ಲ.

ಪ್ರತಿಕ್ರಿಯೆ ಪೂರ್ತಿಯಾಗಿದೆಯೇ ಎಂದು ನೋಡಲು ಪ್ರಯೋಗಾಲಯಗಳಲ್ಲೂ ಸಣ್ಣ ಘಟಕಗಳಲ್ಲೂ ನಡೆಯುವ ಸರಳ ಪರೀಕ್ಷೆಯೊಂದಿದೆ. 27 ಮಿಲಿಲೀಟರ್ ಮೆಥೆನಾಲಿಗೆ 3 ಮಿಲಿಲೀಟರ್ ಬಯೋಡೀಸೆಲ್ ಹಾಕಿ ಅಲುಗಾಡಿಸಿ ಬಿಡುವುದು. ಎಸ್ಟರ್ ಮೆಥೆನಾಲಿನಲ್ಲಿ ಕರಗುತ್ತದೆ, ಬದಲಾಗದೆ ಉಳಿದ ಎಣ್ಣೆ ಕರಗದೆ ತಳಕ್ಕೆ ಮುತ್ತು ಮುತ್ತಾಗಿ ಕೂರುತ್ತದೆ. ತಳದಲ್ಲಿ ಏನೂ ಕಾಣದಿದ್ದರೆ ಅರ್ಧ ಪಾಸಾದಂತೆ. ಪೂರ್ತಿ ಪಾಸು ಎನ್ನಲು ಭಾರತೀಯ ಮಾನಕ ಸಂಸ್ಥೆಯ ಐಎಸ್ 15607 ಹೇಳುವ ಎಲ್ಲ ಪರೀಕ್ಷೆಗಳೂ ಆಗಬೇಕು. ನೀರು, ಉಳಿದ ಮೆಥೆನಾಲ್, ಗ್ಲಿಸರಿನ್, ಸೋಡಿಯಂ ಪೊಟ್ಯಾಶಿಯಂಗಳ ಶೇಷ, ಹಳಸದೆ ಎಷ್ಟು ಹೊತ್ತು ತಾಳುತ್ತದೆ ಎಂಬುದು, ಎಲ್ಲಕ್ಕೂ ಅದರಲ್ಲಿ ಮಿತಿಯಿದೆ.

ಇನ್ನು ಹೊಗೆಯ ಲೆಕ್ಕ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದುವರೆಗೆ ನಡೆದ ಎಂಜಿನ್ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ 2002ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿತು. ಇಂದಿಗೂ ಎಲ್ಲರೂ ಮೊದಲು ತೆರೆಯುವುದು ಅದನ್ನೇ. ಸೋಯಾ ಮೂಲದ ಬಿ20 ಬಳಸಿದಾಗ ಮಸಿಯ ಕಣಗಳು ಸುಮಾರು ಶೇ. 10, ಕಾರ್ಬನ್ ಮೊನಾಕ್ಸೈಡ್ ಶೇ. 11, ಉರಿಯದೆ ಉಳಿದ ಹೈಡ್ರೋಕಾರ್ಬನ್ ಶೇ. 21 ಇಳಿದವು. ನೈಟ್ರೋಜನ್ ಆಕ್ಸೈಡ್ ಶೇ. 2ರಷ್ಟು ಏರಿತು. ಬಿ100ರಲ್ಲಿ ಮೊದಲ ಎರಡೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು, ಹೈಡ್ರೋಕಾರ್ಬನ್ ಮೂರನೇ ಎರಡು ಪಾಲು ಇಳಿಯಿತು, ನೈಟ್ರೋಜನ್ ಆಕ್ಸೈಡ್ ಶೇ. 10ರಷ್ಟು ಏರಿತು. ಇವು ಬಹುಪಾಲು ಹಳೆಯ ದೊಡ್ಡ ಎಂಜಿನ್ನುಗಳ ಸರಾಸರಿ. ಎಂಜಿನ್, ಎಣ್ಣೆ, ಹೊರೆ ಬದಲಾದಂತೆ ಅಂಕಿ ಹಿಂದೆ ಮುಂದೆ ಆಗುತ್ತದೆ, ದಿಕ್ಕು ಮಾತ್ರ ಸಾಮಾನ್ಯವಾಗಿ ಇದೇ. ಜಾಹೀರಾತುಗಳಲ್ಲಿ ಬಿ100ರ ಅಂಕಿ ಹೇಳಿ ಅಂಗಡಿಯಲ್ಲಿ ಬಿ5 ಮಾರುವ ಜಾಣತನವೂ ಕಂಡುಬರುತ್ತದೆ. ಐದು ಪಾಲಿನಿಂದ ಹೊಗೆ ಅರ್ಧವಾಗುವುದಿಲ್ಲ.

ಮಸಿ ಇಳಿಯಲು ಕಾರಣ ಇಂಧನದ ಒಳಗೇ ಇದೆ. ಬಯೋಡೀಸೆಲ್ಲಿನ ತೂಕದಲ್ಲಿ ಶೇ. 11ರಷ್ಟು ಆಕ್ಸಿಜನ್. ಗಾಳಿ ತಲುಪದ ದಟ್ಟ ಸಿಂಪಡಣೆಯ ನಡುವೆಯೂ ಇಂಧನ ತನ್ನ ಜೊತೆಗೇ ಆಕ್ಸಿಜನ್ ಒಯ್ದಿರುವುದರಿಂದ ಮಸಿಯಾಗುವ ಮೊದಲೇ ಉರಿಯುತ್ತದೆ. ಮಸಿಯ ಬೀಜವೆನ್ನಬಹುದಾದ ಉಂಗುರದಾಕಾರದ ಆರೊಮ್ಯಾಟಿಕ್ ಅಣುಗಳು ಅದರಲ್ಲಿಲ್ಲ, ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ನೈಟ್ರೋಜನ್ ಆಕ್ಸೈಡ್ ಏರುವುದಕ್ಕೆ ಒಂದೇ ಕಾರಣ ಬೆರಳಿಟ್ಟು ತೋರಿಸಲಾಗದು. ಹಳೆಯ ಮಾದರಿಯ ಪಂಪು–ಪೈಪು–ನಾಝಲ್ ವ್ಯವಸ್ಥೆಯಲ್ಲಿ ಬಯೋಡೀಸೆಲ್ ಡೀಸೆಲ್ಲಿಗಿಂತ ಕಡಿಮೆ ಕುಗ್ಗುವುದರಿಂದ ಒತ್ತಡದ ಅಲೆ ಬೇಗ ಮುಟ್ಟಿ ಸಿಂಪಡಣೆ ತುಸು ಮುಂಚೆ ಶುರುವಾಗುತ್ತದೆ, ಉರಿಯ ಬಿಸಿ ಏರುತ್ತದೆ. ಇನ್ನೊಂದು ಕಾರಣ ಮಸಿಯ ಕೊರತೆಯೇ: ಉರಿಯೊಳಗಿನ ಮಸಿ ಬೆಳಗಿ ಶಾಖವನ್ನು ಹೊರಗೆ ಚೆಲ್ಲುತ್ತದೆ, ಮಸಿ ಕಡಿಮೆಯಾದರೆ ಶಾಖ ಒಳಗೇ ಉಳಿಯುತ್ತದೆ. ಸಿಂಪಡಣೆಯ ಸಮಯವನ್ನು ಕ್ರ್ಯಾಂಕ್ ಕೋನದಲ್ಲಿ ಒಂದೆರಡು ಡಿಗ್ರಿ ತಡಮಾಡಿದರೆ, ಇಲ್ಲವೆ ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಸಿಲಿಂಡರಿಗೆ ಬಿಟ್ಟರೆ ಈ ಏರಿಕೆಯನ್ನು ಸರಿದೂಗಿಸಬಹುದು. ಬಯೋಡೀಸೆಲ್ ಮಸಿ ತಗ್ಗಿಸಿಕೊಟ್ಟಿರುವುದರಿಂದ ಹಾಗೆ ಮಾಡಲು ಎಡೆಯೂ ಇರುತ್ತದೆ. ಇದು ಕಡತದಲ್ಲಿ ಸುಲಭ. ಊರ ಗ್ಯಾರೇಜಿನಲ್ಲಿ ಟೈಮಿಂಗ್ ಬದಲಿಸಿಕೊಂಡ ಟ್ರ್ಯಾಕ್ಟರುಗಳು ಅಪರೂಪ.

ಮೈಲೇಜಿನ ವಿಷಯದಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಒಳಗಿರುವ ಆಕ್ಸಿಜನ್ ಉರಿಯಲು ನೆರವಾಗುತ್ತದೆ, ಆದರೆ ಶಕ್ತಿ ಕೊಡುವುದಿಲ್ಲ. ಲೀಟರ್ ಬಯೋಡೀಸೆಲ್ಲಿನಲ್ಲಿ ಡೀಸೆಲ್ಲಿಗಿಂತ ಶೇ. 8ರಷ್ಟು ಕಡಿಮೆ ಶಕ್ತಿಯಿದೆ. ಬಿ20ರಲ್ಲಿ ನಷ್ಟ ಶೇ. 1–2, ಚಾಲಕನ ಬಲಗಾಲು ಅದಕ್ಕಿಂತ ಹೆಚ್ಚಿನದನ್ನು ದಿನವೂ ಕಳೆಯುತ್ತದೆ. ಪ್ರತಿಯಾಗಿ ಸಿಗುವುದು ಜಾರಿಕೆ. ಗಂಧಕ ತೆಗೆಯುವಾಗ ಡೀಸೆಲ್ ತನ್ನ ಸಹಜ ಜಿಡ್ಡನ್ನೂ ಕಳೆದುಕೊಳ್ಳುತ್ತದೆ, ಡೀಸೆಲ್ಲಿನಿಂದಲೇ ಗ್ರೀಸಾಗಬೇಕಾದ ಪಂಪಿನ ಭಾಗಗಳು ಸವೆಯುತ್ತವೆ. ನೂರಕ್ಕೆ ಒಂದೆರಡು ಪಾಲು ಬಯೋಡೀಸೆಲ್ ಸೇರಿದರೂ ಆ ಕೊರತೆ ತುಂಬುತ್ತದೆ.

ತೊಂದರೆ ಕೊಡುವುದು ಟ್ಯಾಂಕು ಮತ್ತು ಸಮಯ. ಬಯೋಡೀಸೆಲ್ ಒಳ್ಳೆಯ ಕರಗಿಸುವ ದ್ರವ. ಹಳೆಯ ಗಾಡಿಗೆ ಮೊದಲ ಸಲ ಹಾಕಿದಾಗ ಅದು ಹರಳೆಣ್ಣೆ ಕುಡಿಸಿದ ಹಾಗೆ ವರ್ಷಗಳಿಂದ ಟ್ಯಾಂಕಿನ ತಳದಲ್ಲಿ ಕಟ್ಟಿದ್ದ ಮಡ್ಡಿಯನ್ನೆಲ್ಲ ಕಿತ್ತು ಮುಂದಕ್ಕೆ ತಳ್ಳುತ್ತದೆ, ಫಿಲ್ಟರ್ ಕಟ್ಟಿಕೊಂಡು ಗಾಡಿ ದಾರಿಯಲ್ಲಿ ನಿಲ್ಲುತ್ತದೆ. ದೂರು ಇಂಧನದ ಮೇಲೆ ಬರುತ್ತದೆ, ತಪ್ಪು ಹಳೆಯ ಮಡ್ಡಿಯದು. ಸಹಜ ರಬ್ಬರಿನ ಹೋಸು ಮತ್ತು ಸೀಲುಗಳು ಹೆಚ್ಚಿನ ಪಾಲಿನ ಬಯೋಡೀಸೆಲ್ಲಿಗೆ ಉಬ್ಬಿ ಮೆತ್ತಗಾಗುತ್ತವೆ; ಫ್ಲೋರೋಕಾರ್ಬನ್ ರಬ್ಬರಿನವು ತಾಳಿಕೊಳ್ಳುತ್ತವೆ. ತಾಮ್ರ ಹಿತ್ತಾಳೆಯ ಜೋಡಣೆಗಳು ಬಯೋಡೀಸೆಲ್ ಬೇಗ ಹಳಸುವಂತೆ ಮಾಡುತ್ತವೆ. ಡೀಸೆಲ್ಲಿಗಿಂತ ಹೆಚ್ಚು ನೀರು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ. ವರ್ಷಕ್ಕೆ ನಾಲ್ಕು ಗಂಟೆಯೂ ಓಡದ ಜನರೇಟರಿಗೆ ಬಿ20 ತುಂಬಿಡುವುದು ಜಾಣತನವಲ್ಲ. ದಿನವೂ ಓಡಿ ದಿನವೂ ತುಂಬಿಸುವ ಬಸ್ಸಿಗೆ ಈ ಚಿಂತೆ ಇಲ್ಲ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಂದ ಬಿಎಸ್ 6 ಎಂಬ ವಾಹನ ಹೊಗೆಯ ನಿಯಮ ಈ ಲೆಕ್ಕದ ಒಂದು ಸಾಲನ್ನೇ ಅಳಿಸಿತು. ಡೀಸೆಲ್ಲಿನ ಗಂಧಕ ದಶಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಹೊಸ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಪಿಂಗಾಣಿ ಜಾಲರಿ ಬಂತು. ಲಾರಿ ಬಸ್ಸುಗಳಲ್ಲಿ ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡನ್ನು ಮತ್ತೆ ನೈಟ್ರೋಜನ್ ಮಾಡುವ ಕೋಶವೂ ಬಂತು. ಪೆಟ್ರೋಲ್ ಬಂಕುಗಳಲ್ಲಿ ನೀಲಿ ಕ್ಯಾನಿನಲ್ಲಿ ಮಾರುವುದು ಆ ದ್ರಾವಣವನ್ನೇ. ಈ ಎರಡೂ ಸರಿಯಾಗಿ ಕೆಲಸ ಮಾಡುವ ಗಾಡಿಯಲ್ಲಿ ಎಂಜಿನ್ನಿನಿಂದ ಮಸಿ ಸ್ವಲ್ಪ ಕಡಿಮೆ ಬಂದರೂ ಹೆಚ್ಚು ಬಂದರೂ ಕೊಳವೆಯ ತುದಿಯಲ್ಲಿ ವ್ಯತ್ಯಾಸ ಕಾಣದು. ಅಷ್ಟೇ ಅಲ್ಲದೆ ಜಾಲರಿ ತುಂಬಿದಾಗ ಅದನ್ನು ಸುಡಲು ಎಂಜಿನ್ ಹೆಚ್ಚುವರಿ ಇಂಧನ ಎರಚುತ್ತದೆ. ಬಯೋಡೀಸೆಲ್ ಬೇಗ ಆವಿಯಾಗದೆ ಸಿಲಿಂಡರಿನ ಗೋಡೆಗೆ ಅಂಟಿ ಕೆಳಗಿಳಿದು ಆಯಿಲನ್ನು ತೆಳುವಾಗಿಸುತ್ತದೆ. ಸರಿಯಾಗಿ ತೊಳೆಯದ ಬಯೋಡೀಸೆಲ್ಲಿನ ಸೋಡಿಯಂ ಮತ್ತು ಪೊಟ್ಯಾಶಿಯಂ ಬೂದಿಯಾಗಿ ಜಾಲರಿಯಲ್ಲಿ ಕಾಯಮ್ಮಾಗಿ ಕೂರುತ್ತವೆ. ಹೀಗಾಗಿ ಮಾಮೂಲಿ ಡೀಸೆಲ್ಲಿನ ಮಾನಕ ಶೇ. 7ರವರೆಗೆ ಬಯೋಡೀಸೆಲ್ಲಿಗೆ ಜಾಗ ಕೊಟ್ಟಿದೆ, ಅದರ ಮೇಲಿನ ಮಿಶ್ರಣಕ್ಕೆ ಮಾನಕವೂ ಬೇರೆ, ಕಂಪನಿಯ ಒಪ್ಪಿಗೆಯೂ ಬೇರೆ.

ಹೊಸ ಗಾಡಿಯಲ್ಲಿ ಉಳಿಯುವ ಲಾಭ ಇಂಗಾಲದ್ದು. ಗಿಡ ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಉರಿಯುವಾಗ ಹೊರಬರುತ್ತದೆ ಎಂಬುದು ಇದರ ಹಿಂದಿನ ತರ್ಕ. ಅಮೆರಿಕದ ಇಂಧನ ಮತ್ತು ಕೃಷಿ ಇಲಾಖೆಗಳು 1998ರಲ್ಲಿ ಹೊಲದಿಂದ ಬಸ್ಸಿನವರೆಗೆ ಲೆಕ್ಕ ಹಾಕಿ, ಸೋಯಾ ಬಿ100ರಿಂದ ಕಾರ್ಬನ್ ಡೈಆಕ್ಸೈಡ್ ಶೇ. 78, ಬಿ20ರಿಂದ ಶೇ. 16ರ ಹತ್ತಿರ ಇಳಿಯುತ್ತದೆ ಎಂದವು. ಆ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಇಂಧನಕ್ಕಾಗಿ ಎಣ್ಣೆ ಹೊರಟುಹೋದರೆ ತಿನ್ನುವ ಎಣ್ಣೆಗೆ ಎಲ್ಲೋ ಹೊಸ ಭೂಮಿ ಬೇಕಾಗುತ್ತದೆ. ಆ ಭೂಮಿ ಕಾಡು ಕಡಿದದ್ದೋ ಜೌಗು ಬತ್ತಿಸಿದ್ದೋ ಆದರೆ ಹೊರಬಿದ್ದ ಇಂಗಾಲ ತೀರಿಸಲು ದಶಕಗಳು ಸಾಲವು. ತಾಳೆ ಎಣ್ಣೆಯ ಬಲದ ಮೇಲೆ ಇಂಡೋನೇಷ್ಯಾ 2020ರಲ್ಲಿ ಬಿ30, 2025ರಲ್ಲಿ ಬಿ40 ಜಾರಿಗೆ ತಂದಿತು. ಆಮದು ಡೀಸೆಲ್ ಉಳಿಸುವ ಲೆಕ್ಕದಲ್ಲಿ ಅದು ಗೆದ್ದಿದೆ. ಹವಾಮಾನದ ಲೆಕ್ಕದಲ್ಲಿ ಗೆದ್ದಿದೆ ಎನ್ನುವುದಕ್ಕೆ ಆ ತಾಳೆ ಯಾವ ನೆಲದಲ್ಲಿ ಬೆಳೆದದ್ದು ಎಂದು ಕೇಳಬೇಕಾಗುತ್ತದೆ.

ಭಾರತ ಅಡುಗೆ ಎಣ್ಣೆಯನ್ನೇ ಹೊರಗಿನಿಂದ ತರಿಸುವ ದೇಶ. ಆದ್ದರಿಂದ ಇಲ್ಲಿ ಮೊದಲಿನಿಂದಲೂ ಕಣ್ಣು ಬಿದ್ದದ್ದು ತಿನ್ನದ ಎಣ್ಣೆಗಳ ಮೇಲೆ. 2002ರ ಡಿಸೆಂಬರ್ 31ರಂದು ದೆಹಲಿ–ಅಮೃತಸರ ಶತಾಬ್ದಿ ರೈಲು ಶೇ. 5 ಬಯೋಡೀಸೆಲ್ ಬೆರೆತ ಇಂಧನದಲ್ಲಿ ಓಡಿತು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜತ್ರೋಫಾವನ್ನು, ನಮ್ಮ ಕಡೆಯ ಕಾಡು ಹರಳನ್ನು, ಎತ್ತಿ ಹಿಡಿಯಿತು. ಬಂಜರಿನಲ್ಲಿ ಬೆಳೆಯುತ್ತದೆ, ನೀರು ಬೇಡ, ದನ ಮುಟ್ಟುವುದಿಲ್ಲ ಎಂಬ ಮೂರು ಮಾತಿನ ಮೇಲೆ ಲಕ್ಷಾಂತರ ಹೆಕ್ಟೇರಿನ ಯೋಜನೆಗಳು ಎದ್ದವು. ಬಂಜರಿನಲ್ಲಿ ಬದುಕುತ್ತದೆ ಎಂಬುದಕ್ಕೂ ಬಂಜರಿನಲ್ಲಿ ಕಾಯಿ ಬಿಡುತ್ತದೆ ಎಂಬುದಕ್ಕೂ ಇರುವ ಅಂತರ ರೈತರಿಗೆ ನಾಲ್ಕೈದು ವರ್ಷದಲ್ಲಿ ಗೊತ್ತಾಯಿತು. ನೀರು ಗೊಬ್ಬರ ಕೊಟ್ಟರೆ ಕಾಯಿ ಬರುತ್ತಿತ್ತು. ನೀರು ಗೊಬ್ಬರ ಕೊಡುವ ಹೊಲದಲ್ಲಿ ಕಾಡು ಹರಳು ಬೆಳೆಯುವ ಅಗತ್ಯ ಯಾರಿಗೂ ಇರಲಿಲ್ಲ. ಶೇ. 20 ಬೆರೆಸುವ ಗುರಿಯ ವರ್ಷಗಳು ಒಂದೊಂದಾಗಿ ಕಳೆದವು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಗುರಿಯನ್ನು 2030ಕ್ಕೆ ಶೇ. 5 ಎಂದು ತಗ್ಗಿಸಿಕೊಂಡಿತು. ಪೆಟ್ರೋಲಿಗೆ ಎಥೆನಾಲ್ ಶೇ. 20 ಮುಟ್ಟಿದ ದೇಶದಲ್ಲಿ ಡೀಸೆಲ್ಲಿಗೆ ಬಯೋಡೀಸೆಲ್ ಬಹಳ ಕಾಲ ಶೇ. 1ನ್ನೂ ದಾಟಲಿಲ್ಲ. ಎಥೆನಾಲಿಗೆ ಬೆನ್ನ ಹಿಂದೆ ಸಕ್ಕರೆ ಕಾರ್ಖಾನೆಗಳಿದ್ದವು, ಬಯೋಡೀಸೆಲ್ಲಿಗೆ ಅಂಥ ದಣಿ ಇರಲಿಲ್ಲ.

ಕರ್ನಾಟಕದ ದಾರಿ ಸ್ವಲ್ಪ ಬೇರೆಯಾಗಿತ್ತು, ಅದಕ್ಕೆ ಕಾರಣ ಹೊಂಗೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸ ಅವರ ಸೂತ್ರ ಯೋಜನೆ ಎರಡು ಸಾವಿರದ ಇಸವಿಯ ಆಚೀಚೆ ಒಣಸೀಮೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಜನರೇಟರ್ ಓಡಿಸಿ, ಆ ವಿದ್ಯುತ್ತಿನಿಂದ ಪಂಪು ನಡೆಸಿ ಹೊಲಕ್ಕೆ ನೀರು ಹರಿಸಿ ತೋರಿಸಿತು. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಆರಂಭಿಸಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬಾ, ಜತ್ರೋಫಾಗಳನ್ನು ಬದುಗಳಲ್ಲೂ ಬೀಳಿನಲ್ಲೂ ನೆಡುವಂತೆ ಊರೂರಿನ ಸಂಘಗಳನ್ನು ಕಟ್ಟಿತು. 2009ರಲ್ಲಿ ರಾಜ್ಯ ತನ್ನದೇ ಜೈವಿಕ ಇಂಧನ ನೀತಿ ತಂದಿತು, ಆಮೇಲೆ ಅದಕ್ಕೊಂದು ಮಂಡಳಿಯೂ ಬಂತು. ಸಾರಿಗೆ ನಿಗಮದ ಬಸ್ಸುಗಳೂ ಬಯೋಡೀಸೆಲ್ ಮಿಶ್ರಣದಲ್ಲಿ ಓಡಿದವು.

ಹೊಂಗೆಯ ಬಲ ಇರುವುದು ಅದು ಇಂಧನದ ಮರವಾಗಿ ಬಂದದ್ದಲ್ಲ ಎಂಬುದರಲ್ಲಿ. ನೆರಳಿಗೆ, ಹಸಿರೆಲೆ ಗೊಬ್ಬರಕ್ಕೆ, ದೀಪಕ್ಕೆ, ದನದ ಗಾಯಕ್ಕೆ ಅದು ಮೊದಲೇ ಹೊಲದ ಬದುವಿನಲ್ಲಿತ್ತು. ದ್ವಿದಳ ಜಾತಿಯದಾದ್ದರಿಂದ ಬೇರಿನಲ್ಲಿ ಸಾರಜನಕ ಕಟ್ಟುತ್ತದೆ. ಬೀಜದ ತೂಕದ ಕಾಲು ಪಾಲು ಗಾಣದಲ್ಲಿ ಎಣ್ಣೆಯಾಗಿ ಇಳಿದರೆ ಉಳಿದ ಹಿಂಡಿ ತೆಂಗು ಅಡಿಕೆಯ ಬುಡಕ್ಕೆ ಹೋಗುತ್ತದೆ. ಎಣ್ಣೆಗೆ ಬೆಲೆ ಬಂದರೂ ಬರದಿದ್ದರೂ ರೈತನಿಗೆ ನಷ್ಟವಿಲ್ಲ. ಜತ್ರೋಫಾದಲ್ಲಿ ಇಲ್ಲದಿದ್ದುದು ಇದೇ. ಅಡ್ಡಿ ಇರುವುದು ಬೀಜ ಆಯುವುದರಲ್ಲಿ. ಬೇಸಿಗೆಯಲ್ಲಿ ಉದುರಿದ ಕಾಯಿಯನ್ನು ಬಿಸಿಲಲ್ಲಿ ಬಗ್ಗಿ ಆಯಬೇಕು, ಒಣಗಿಸಿ ಬಡಿದು ಸಿಪ್ಪೆ ಬಿಡಿಸಬೇಕು. ಒಂದು ಮರ ಒಂದು ವರ್ಷ ಗೊಂಚಲು ಗೊಂಚಲು ಬಿಟ್ಟರೆ ಪಕ್ಕದ್ದು ಬರಿ ಎಲೆ. ಆಯುವವರ ಕೂಲಿ ಗಿಟ್ಟುವಷ್ಟು ಬೀಜಕ್ಕೆ ಬೆಲೆ ಕೊಟ್ಟರೆ ಬಯೋಡೀಸೆಲ್ ಡೀಸೆಲ್ಲಿಗಿಂತ ದುಬಾರಿ, ಕೊಡದಿದ್ದರೆ ಬೀಜ ಮರದಡಿಯೇ ಮುಗ್ಗುತ್ತದೆ. ಬಂದ ಎಣ್ಣೆಗೂ ಸೋಪು, ಚರ್ಮ ಹದಮಾಡುವಿಕೆ, ಕೀಟನಾಶಕಗಳ ಕಡೆಯಿಂದ ಹೆಚ್ಚಿನ ಬೆಲೆಯ ಗಿರಾಕಿಗಳಿದ್ದಾರೆ. ಹೊಂಗೆ ಎಣ್ಣೆ ರಾಜ್ಯದ ಲಾರಿಗಳನ್ನೆಲ್ಲ ಓಡಿಸೀತು ಎಂಬುದು ಕನಸೇ ಸರಿ. ಒಂದು ತಾಲ್ಲೂಕಿನ ಟಿಲ್ಲರು ಪಂಪುಗಳಿಗೆ ಪಾಲು ಕೊಡಬಲ್ಲದು ಎಂಬುದು ನಂಬಬಹುದಾದ ಮಾತು.

ನಗರದ ಹೊಂಗೆಯೆಂದರೆ ಕರಿದ ಎಣ್ಣೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಕರಿಯುವ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25 ದಾಟಬಾರದೆಂದು ಮಿತಿ ಹಾಕಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ಲೆಕ್ಕ ಇಡಬೇಕೆಂದಿತು. ಉಳಿದ ಎಣ್ಣೆಯನ್ನು ಬಯೋಡೀಸೆಲ್ ಘಟಕಕ್ಕೆ ಕೊಡಿಸುವ ರುಕೊ ಎಂಬ ಯೋಜನೆಯನ್ನೂ ತಂದಿತು. ಇಲ್ಲಿ ಹೊಸ ಹೊಲ ಬೇಡ, ಕಾಡು ಕಡಿಯುವ ಪ್ರಶ್ನೆ ಇಲ್ಲ, ಇಂಗಾಲದ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಕಚ್ಚಾವಸ್ತು ಸಿಗುವುದು ಕಷ್ಟ. ದೊಡ್ಡ ಹೋಟೆಲು ಮತ್ತು ಚಿಪ್ಸ್ ಕಾರ್ಖಾನೆಗಳಿಂದ ಎಣ್ಣೆ ಬರುತ್ತದೆ. ದರ್ಶಿನಿಗಳ, ಬಜ್ಜಿ ಗಾಡಿಗಳ ಬಾಣಲೆಯಲ್ಲಿ ಕಪ್ಪಾದದ್ದು ಅದಕ್ಕಿಂತ ಅಗ್ಗದ ಇನ್ನೊಂದು ಬಾಣಲೆಗೆ ಹೋಗುತ್ತದೆ. ಬಯೋಡೀಸೆಲ್ಲಿನವರು ಪೈಪೋಟಿ ಮಾಡಬೇಕಾಗಿರುವುದು ಆ ಎರಡನೇ ಬಾಣಲೆಯ ಜೊತೆ. ಅದರಲ್ಲಿ ಅವರು ಗೆದ್ದರೆ ಲಾಭ ಎಂಜಿನ್ನಿಗಿಂತ ಮೊದಲು ತಿನ್ನುವವರ ಹೊಟ್ಟೆಗೆ.

ಎರಡನೆಯ ಕುಲದ ನವೀಕೃತ ಡೀಸೆಲ್ ಗುಣದಲ್ಲಿ ಬಯೋಡೀಸೆಲ್ಲನ್ನು ಮೀರಿಸುತ್ತದೆ. ಎಣ್ಣೆಗೆ ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಕೊಟ್ಟು ಆಕ್ಸಿಜನ್ನನ್ನೆಲ್ಲ ನೀರಾಗಿ ಹೊರತೆಗೆದರೆ ಉಳಿಯುವುದು ಅಪ್ಪಟ ಹೈಡ್ರೋಕಾರ್ಬನ್, ಆರೊಮ್ಯಾಟಿಕ್ ಇಲ್ಲದ ಡೀಸೆಲ್ಲೇ. ಹಳಸುವುದಿಲ್ಲ, ನೀರು ಹೀರುವುದಿಲ್ಲ, ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ, ತಾನಾಗಿ ಹೊತ್ತಿಕೊಳ್ಳುವ ಗುಣವನ್ನು ಅಳೆಯುವ ಸೀಟೇನ್ ಸಂಖ್ಯೆ 70 ದಾಟುತ್ತದೆ. ಮಸಿಯ ಜೊತೆ ನೈಟ್ರೋಜನ್ ಆಕ್ಸೈಡೂ ತುಸು ಇಳಿಯುವುದು ಇದರ ಹೆಗ್ಗಳಿಕೆ. ಫಿನ್ಲೆಂಡಿನ ನೆಸ್ಟೆ 2007ರಲ್ಲಿ ಪೊರ್ವೊದಲ್ಲಿ ಮೊದಲ ಘಟಕ ತೆರೆಯಿತು, ನಂತರ ಸಿಂಗಪುರದಲ್ಲೂ ರಾಟರ್‌ಡ್ಯಾಮಿನಲ್ಲೂ ಕಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಇಂಗಾಲ ಕಡಿತಕ್ಕೆ ಬೆಲೆ ಸಿಗುವುದರಿಂದ ಮಾರಾಟವಾಗುವ ಡೀಸೆಲ್ಲಿನ ಅರ್ಧಕ್ಕಿಂತ ಹೆಚ್ಚು ಪಾಲು ಈಗ ಇಂಥದ್ದೇ. ಬೇಕಿರುವುದು ಮಾತ್ರ ರಿಫೈನರಿಯಷ್ಟು ಬಂಡವಾಳ ಮತ್ತು ಹೈಡ್ರೋಜನ್. ತಾಲ್ಲೂಕು ಮಟ್ಟದ ಘಟಕಕ್ಕೆ ಇದು ಎಟುಕದು.

ಆಲ್ಕೋಹಾಲಿನ ಕಥೆ ಚಿಕ್ಕದು. ಎಥೆನಾಲ್ ಡೀಸೆಲ್ಲಿನ ಜೊತೆ ನೆಟ್ಟಗೆ ಬೆರೆಯುವುದಿಲ್ಲ; ನೀರಿನಂಶ ತಾಗಿದರೆ ಬೇರೆಯಾಗಿ ನಿಲ್ಲುತ್ತದೆ. ತಾನಾಗಿ ಹೊತ್ತಿಕೊಳ್ಳುವ ಗುಣ ಅದಕ್ಕೆ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ವಲ್ಪ ಬೆರೆತರೂ ಸಾಕು, ಡೀಸೆಲ್ ಟ್ಯಾಂಕು ಪೆಟ್ರೋಲ್ ಟ್ಯಾಂಕಿನಷ್ಟೇ ಸುಲಭವಾಗಿ ಬೆಂಕಿ ಹಿಡಿಯುವಂತಾಗುತ್ತದೆ. ಎಥೆನಾಲಿಗಿಂತ ಚೆನ್ನಾಗಿ ಬೆರೆಯುವ ಐಸೋಬ್ಯುಟನಾಲ್ ಮೇಲೆ ಭಾರತದಲ್ಲಿ ಈಗ ಪರೀಕ್ಷೆಗಳು ನಡೆಯುತ್ತಿವೆ.

ಹಾಗಿದ್ದರೆ ಇರುವ ಅಷ್ಟಿಷ್ಟು ಬಯೋಡೀಸೆಲ್ಲನ್ನು ಎಲ್ಲಿ ಸುರಿಯಬೇಕು? ದೇಶದ ಎಲ್ಲ ಬಂಕುಗಳಿಗೂ ಸಮನಾಗಿ ಹಂಚಿ ಬಿ1 ಮಾಡಿದರೆ ಕಾಗದದ ಗುರಿ ಮುಟ್ಟುತ್ತದೆ, ಯಾರ ಮೂಗಿಗೂ ವ್ಯತ್ಯಾಸ ತಿಳಿಯದು. ಅದೇ ಎಣ್ಣೆಯನ್ನು ಜಾಲರಿಯಿಲ್ಲದ ಹಳೆಯ ಎಂಜಿನ್ನುಗಳಿಗೆ, ಅದೂ ಜನರ ನಡುವೆ ಓಡುವವಕ್ಕೆ, ಬಿ20 ಮಾಡಿ ಕೊಟ್ಟರೆ ಮಸಿಯ ಹತ್ತನೇ ಒಂದು ಪಾಲು ಅಲ್ಲೇ ಕಡಿಮೆಯಾಗುತ್ತದೆ. ಹಳೆಯ ಬಸ್ಸುಗಳ ಡಿಪೊ, ಮಾರುಕಟ್ಟೆಯ ಗೂಡ್ಸ್ ಗಾಡಿಗಳು, ಕಟ್ಟಡ ಕೆಲಸದ ಯಂತ್ರಗಳು, ದಿನವೂ ಓಡುವ ಜನರೇಟರುಗಳು, ಮೀನುಗಾರಿಕೆ ಬೋಟುಗಳು ಅಂಥವು. ಬಯೋಡೀಸೆಲ್ ಹೊತ್ತಿಕೊಳ್ಳಲು ನೂರು ಡಿಗ್ರಿಗಿಂತ ಹೆಚ್ಚು ಬಿಸಿ ಬೇಕಾದ್ದರಿಂದ ದಾಸ್ತಾನಿನಲ್ಲಿ ಅಪಾಯವೂ ಕಡಿಮೆ. ಡಿಪೊದಂಥ ಕಡೆ ಒಂದೇ ಟ್ಯಾಂಕು, ಒಬ್ಬನೇ ಮೆಕ್ಯಾನಿಕ್, ದಿನದಿನದ ಲೆಕ್ಕ ಇರುವುದರಿಂದ ಫಿಲ್ಟರಿನ ತಾಪತ್ರಯವನ್ನೂ ನಿಭಾಯಿಸಬಹುದು. ಶೇಕಡಾವಾರು ಗುರಿಗಿಂತ ಇಂಥ ಜಾಗಗಳ ಪಟ್ಟಿ ಮಾಡುವುದು ಸರ್ಕಾರಕ್ಕೆ ಹೆಚ್ಚು ಉಪಯೋಗದ ಕೆಲಸ.

ಬಳಸಬೇಕೆಂದಿರುವವರಿಗೆ ಒಂದೆರಡು ಮಾತು. ಡೀಸೆಲ್ಲಿಗಿಂತ ಬಹಳ ಅಗ್ಗಕ್ಕೆ ರಸ್ತೆ ಬದಿಯಲ್ಲಿ ಬಯೋಡೀಸೆಲ್ ಎಂದು ಮಾರುವುದರಲ್ಲಿ ಬಹುಪಾಲು ಕಾರ್ಖಾನೆಗಳಿಗೆಂದು ಬಂದ ಖನಿಜ ಎಣ್ಣೆಯ ಕಲಬೆರಕೆ. ಗುಜರಾತಿನಲ್ಲಿ ಅಂಥ ಬಂಕುಗಳ ಮೇಲೆ ಸರಣಿ ದಾಳಿಗಳೇ ನಡೆದವು. ಅದು ಹೊಗೆ ಇಳಿಸುವುದಿಲ್ಲ, ಪಂಪು ಹಾಳುಮಾಡುತ್ತದೆ. ಐಎಸ್ 15607ರ ಪರೀಕ್ಷಾ ಪತ್ರ ಕೇಳಿ, ಕೊಡದವರಲ್ಲಿ ಕೊಳ್ಳಬೇಡಿ. ಗಾಡಿಯ ಕೈಪಿಡಿಯಲ್ಲಿ ಎಷ್ಟು ಪಾಲಿನವರೆಗೆ ಒಪ್ಪಿಗೆಯಿದೆ ನೋಡಿ, ಅದನ್ನು ದಾಟಿದರೆ ವಾರಂಟಿ ಹೋಗುತ್ತದೆ. ಹಳೆಯ ಎಂಜಿನ್ನಿಗೆ ಮೊದಲ ಸಲ ಹಾಕುವಾಗ ಟ್ಯಾಂಕು ತೊಳೆಸಿ, ಒಂದು ಫಿಲ್ಟರನ್ನು ಹೆಚ್ಚಿಗೆ ತಂದಿಟ್ಟುಕೊಳ್ಳಿ, ರಬ್ಬರ್ ಹೋಸುಗಳನ್ನು ವಾರಕ್ಕೊಮ್ಮೆ ಮುಟ್ಟಿ ನೋಡಿ. ಒಮ್ಮೆ ತಂದ ಬಯೋಡೀಸೆಲ್ಲನ್ನು ಆರು ತಿಂಗಳಿಗಿಂತ ಹೆಚ್ಚು ಇಡಬೇಡಿ.